ಮೊದಲು ಲಕೋಟೆ, ಆಮೇಲೆ ಫೋಟೊ

ತಾವೇ ತೆಗೆದ ಫೋಟೊಗಳಿಂದ ಕಾರ್ಡ್ ಮಾಡಿ ಮಾರಬೇಕು ಅಂತ ಸಲಹೆ ಕೇಳಲು ಬರುವವರು ಮೊದಲು ಫೋಟೊ ತೋರಿಸುತ್ತಾರೆ. ನಾನು ಮೊದಲು ಕೇಳುವುದು ಲಕೋಟೆಯ ವಿಷಯ. ನಿಮಗೆ ಸುಲಭವಾಗಿ, ಬೇಕೆಂದಾಗಲೆಲ್ಲ, ಒಂದೇ ಅಳತೆಯಲ್ಲಿ ಸಿಗುವ ಲಕೋಟೆ ಯಾವುದು? ಇದನ್ನು ವಿಚಾರಿಸದೆ ಪ್ರಿಂಟ್ ಹಾಕಿಸಿದವರ ಮನೆಯಲ್ಲಿ ಕವರ್ ಇಲ್ಲದ ಕಾರ್ಡುಗಳ ಕಟ್ಟು ಮೂಲೆ ಸೇರಿರುತ್ತದೆ.

ಅಳತೆಯ ತೊಡಕು ನೋಡಿ. ಲ್ಯಾಬಿನಲ್ಲಿ ಅಗ್ಗವಾಗಿ ಸಿಗುವುದು 4×6 ಇಂಚಿನ ಪ್ರಿಂಟ್. ಮಿಲಿಮೀಟರಿನಲ್ಲಿ ಅದು ಸುಮಾರು 102×152. ಎ5 ಹಾಳೆಯನ್ನು (ಎ4ರ ಅರ್ಧ) ನಡುವೆ ಮಡಿಚಿದರೆ ಎ6 ಕಾರ್ಡ್, ಅಂದರೆ 105×148. ದೂರದಿಂದ ಎರಡೂ ಒಂದೇ. ಅಂಟಿಸಲು ಹೋದಾಗ ಫೋಟೊ 4 ಮಿಲಿಮೀಟರ್ ಆಚೆ ಇಣುಕುತ್ತದೆ. ಸರಿ, ಕಾರ್ಡನ್ನೇ 5×7 ಇಂಚಿಗೆ ಏರಿಸೋಣ ಅಂದರೆ ಅದು 127×178 ಆಯಿತು. ಎ6 ಕಾರ್ಡಿಗೆಂದೇ ಇರುವ ಸಿ6 ಲಕೋಟೆಯ ಅಳತೆ 114×162. ಅದರೊಳಗೆ ಇದು ಹೋಗುವುದೇ ಇಲ್ಲ.

ಹಾಗಾಗಿ ಲಕೋಟೆಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಸಿ6 ಸಿಗುತ್ತದೆ, ಹಾಗಾದರೆ ಎ6 ಕಾರ್ಡ್. ಅದರ ಮೇಲೆ 90×135ರ ಚಿತ್ರ ಕೂರಿಸಿದರೆ ಸುತ್ತ ಏಳು ಮಿಲಿಮೀಟರ್ ಆಸುಪಾಸಿನ ಅಂಚು ಉಳಿಯುತ್ತದೆ. ಕ್ಯಾಮೆರಾದ 3:2 ಚೌಕಟ್ಟೂ ಕೆಡುವುದಿಲ್ಲ. 4×6 ಫೈಲಿನಲ್ಲೇ ಸುತ್ತ ಬಿಳಿ ಬಿಟ್ಟು, ನಡುವೆ ಈ ಅಳತೆಯ ಚಿತ್ರ ಇಟ್ಟು ಲ್ಯಾಬಿಗೆ ಕೊಡಿ. ಬಂದಮೇಲೆ ಬಿಳಿಯನ್ನು ಕತ್ತರಿಸಿ ತೆಗೆದರಾಯಿತು. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 4×6ಕ್ಕೆ ಬೇಕಾಗುವುದು 1200×1800 ಪಿಕ್ಸೆಲ್ ಅಷ್ಟೇ. ಮೊಬೈಲ್ ಫೋಟೊ ಧಾರಾಳವಾಗಿ ಸಾಕು. ದೊಡ್ಡ ಕ್ಯಾಮೆರಾ ಇಲ್ಲ ಅಂತ ಕೊರಗುವವರು ಇದನ್ನು ಗಮನಿಸಿ. ಬಣ್ಣದ ಮಟ್ಟಿಗೆ ಎರಡೇ ಮಾತು: ಲ್ಯಾಬ್ ಬೇರೆ ಹೇಳದಿದ್ದರೆ ಫೈಲ್ ಪರದೆಗಳಲ್ಲಿ ಸಾಮಾನ್ಯವಾಗಿ ಬಳಸುವ ಬಣ್ಣದ ಮಾದರಿಯಾದ ಎಸ್‌ಆರ್‌ಜಿಬಿಯಲ್ಲಿರಲಿ. ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ, ಹಾಗಾಗಿ ಪ್ರಿಂಟ್ ಯಾವಾಗಲೂ ಸ್ವಲ್ಪ ಕಪ್ಪಾಗಿ ಕಾಣುತ್ತದೆ. ಮೊದಲು ಒಂದೇ ಪ್ರತಿ ಹಾಕಿಸಿ ನೋಡಿ.

ಇನ್ನು ಯಾವ ಫೋಟೊ? ಇಲ್ಲಿ ಛಾಯಾಗ್ರಾಹಕರಿಗೆ ನನ್ನ ಮಾತು ರುಚಿಸುವುದಿಲ್ಲ. ಸ್ಪರ್ಧೆಯಲ್ಲಿ ಗೆದ್ದ ಫೋಟೊ ಕಾರ್ಡಿಗೆ ಬಂದಾಗ ಸೋಲುವುದು ಮಾಮೂಲು. ಬೇಟೆಯನ್ನು ಬಾಯಲ್ಲಿ ಕಚ್ಚಿದ ಹುಲಿ ಗೋಡೆಯ ಮೇಲೆ ಚೆಂದ. ಆದರೆ ಅಂಥ ಕಾರ್ಡಿನೊಳಗೆ ಏನು ಬರೆಯುವುದು, ಯಾರಿಗೆ ಕಳಿಸುವುದು? ಕಾರ್ಡ್ ಕೊಳ್ಳುವವರಿಗೆ ಬೇಕಾಗಿರುವುದು ಒಳಗಿನ ಖಾಲಿ ಜಾಗ. ಹೊರಗಿನ ಚಿತ್ರ ಅವರ ಮಾತಿಗೆ ಅಡ್ಡ ಬರಬಾರದು. ಒಂದು ಕಿಟಕಿ, ಮಳೆ ನಿಂತ ಮೇಲಿನ ಎಲೆ, ಖಾಲಿ ಬೆಂಚು. ಇಂಥವು ಥ್ಯಾಂಕ್ಸ್ ಹೇಳಲಿಕ್ಕೂ ಆಗುತ್ತವೆ, ಕ್ಷಮೆ ಕೇಳಲಿಕ್ಕೂ ಆಗುತ್ತವೆ, ಸಾವಿನ ಮನೆಗೆ ನಾಲ್ಕು ಸಾಲು ಬರೆಯಲಿಕ್ಕೂ ಆಗುತ್ತವೆ. ಒಳಗೆ ಶುಭಾಶಯ ಅಚ್ಚು ಹಾಕಿಸಿದಿರೋ, ಇಷ್ಟೂ ಗಿರಾಕಿಗಳಲ್ಲಿ ಒಂದು ಥರದವರು ಮಾತ್ರ ಉಳಿಯುತ್ತಾರೆ. ಹಬ್ಬದ ಕಾರ್ಡಿನ ಕಥೆ ಇನ್ನೂ ಕಷ್ಟ. ಹಬ್ಬ ಮುಗಿದ ಮರುದಿನ ಅದು ರದ್ದಿ.

ಬರೆಯುವ ಜಾಗ ಅಂದಮೇಲೆ ಅಲ್ಲಿ ಪೆನ್ನು ಓಡಬೇಕು ಅಲ್ವಾ? ನುಣುಪು ಲೇಪನದ ಕಾಗದದ ಮೇಲೆ ಜೆಲ್ ಪೆನ್ನಿನ ಇಂಕು ಬೇಗ ಒಣಗುವುದಿಲ್ಲ, ಅಂಗೈ ತಾಗಿ ಬಳಿದುಕೊಳ್ಳುತ್ತದೆ. ತೀರಾ ಒರಟು ಕಾಗದವಾದರೆ ಇಂಕ್ ಪೆನ್ನಿನ ಗೆರೆ ಹರಡುತ್ತದೆ. ಕಾಗದ ಕೊಳ್ಳುವ ಮುಂಚೆ ಒಂದು ತುಂಡು ಕೇಳಿ ಪಡೆದು, ಮನೆಯಲ್ಲಿರುವ ಅಷ್ಟೂ ಪೆನ್ನುಗಳಲ್ಲಿ ಗೀಚಿ ನೋಡಿ. ಲೇಪನವಿಲ್ಲದ, 250ರಿಂದ 300 ಜಿಎಸ್‌ಎಂ ದಪ್ಪದ ಕಾಗದ ಈ ಕೆಲಸಕ್ಕೆ ಸರಿ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ.

ದಪ್ಪ ಕಾಗದ ಸುಮ್ನೆ ಮಡಿಚಿಕೊಳ್ಳುವುದಿಲ್ಲ. ಕಾಗದದೊಳಗಿನ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿನಲ್ಲೇ ಮಡಿಕೆ ಬಂದರೆ ನೇರ ಗೆರೆ. ಅಡ್ಡಡ್ಡ ಮಡಿಚಿದರೆ ಬೆನ್ನಿನುದ್ದಕ್ಕೂ ಬಿರುಕು ಬಿಟ್ಟು ನಾರು ಮೇಲೇಳುತ್ತದೆ. ಹಾಳೆಯನ್ನು ಹಿಡಿದು ಎರಡೂ ಕಡೆಯಿಂದ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಅದೇ ಮಡಿಕೆಯ ದಿಕ್ಕು. ನಾರು ಉದ್ದಕ್ಕೆ ಇರುವ ಎ4 ಹಾಳೆಯನ್ನು ಎರಡು ಎ5 ಮಾಡಿ, ಒಂದೊಂದನ್ನೂ ಮಡಿಚಿ ಎ6 ಮಾಡಿದರೆ ಮಡಿಕೆ ನಾರಿನ ಜೊತೆಗೇ ಬರುತ್ತದೆ. ಅದೇ ಎ4 ಹಾಳೆಯನ್ನು ಒಂದೇ ಸಲ ಮಡಿಚಿ ದೊಡ್ಡ ಕಾರ್ಡ್ ಮಾಡಿದರೆ ನಾರಿಗೆ ಅಡ್ಡ ಬೀಳುತ್ತದೆ. ಕಾಗದ ಒಂದೇ, ಸಣ್ಣ ಕಾರ್ಡಿಗೆ ಒಗ್ಗುವುದು ದೊಡ್ಡದಕ್ಕೆ ಒಗ್ಗುವುದಿಲ್ಲ. ಮಡಿಚುವ ಮುಂಚೆ ಸ್ಕೇಲಿಟ್ಟು ಮೊಂಡು ತುದಿಯ ಯಾವುದಾದರೂ ಸಾಧನದಿಂದ ಗೆರೆ ಒತ್ತಬೇಕು. ಒತ್ತಿದಾಗ ಹಿಂಬದಿಯಲ್ಲಿ ಸಣ್ಣ ಉಬ್ಬು ಏಳುತ್ತದಲ್ಲ, ಆ ಉಬ್ಬು ಮಡಿಕೆಯ ಒಳಗೆ ಬರಬೇಕು. ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ.

ಅಂಟಿನ ವಿಷಯ. ನೀರು ಬೆರೆತ ಬಿಳಿ ಗೋಂದು ಬೇಡವೇ ಬೇಡ. ಲ್ಯಾಬಿನ ಫೋಟೊ ಕಾಗದಕ್ಕೆ ಎರಡೂ ಬದಿಯಲ್ಲಿ ಪ್ಲಾಸ್ಟಿಕ್ ಪದರ ಇರುತ್ತದೆ, ನೀರು ಅದರ ಮೂಲಕ ಹೋಗುವುದಿಲ್ಲ. ಅಷ್ಟೂ ನೀರನ್ನು ಕಾರ್ಡು ಹೀರಿಕೊಂಡು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ರಬ್ಬರ್ ಸಲ್ಯೂಷನ್ ಥರದವು ಮೊದಲಿಗೆ ಚೆನ್ನಾಗಿಯೇ ಕಾಣುತ್ತವೆ, ವರ್ಷ ಕಳೆದಂತೆ ಹಳದಿ ಕಲೆ ಬಿಡುತ್ತವೆ. ಆಸಿಡ್ ಇಲ್ಲದ ಡಬಲ್ ಸೈಡ್ ಟೇಪನ್ನು ನಾಲ್ಕೂ ಅಂಚಿಗೆ ಹಚ್ಚಿ, ಮೂಲೆ ಬಿಡಬೇಡಿ. ಫೋಟೊಗೆ ತಾಗುವ ಕಾಗದ, ಅಂಟುಗಳಿಂದ ಫೋಟೊಗೆ ಹಾನಿಯಾಗುತ್ತದೆಯೇ ಎಂದು ಪರೀಕ್ಷಿಸಲು ಐಎಸ್‌ಒ 18916 ಎಂಬ ಮಾನದಂಡವೇ ಇದೆ. ಟೇಪಿನ ಪೊಟ್ಟಣದ ಮೇಲೆ ಅದರ ಉಲ್ಲೇಖ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಮನೆಯಲ್ಲೇ ಇಂಕ್‌ಜೆಟ್‌ನಲ್ಲಿ ಪ್ರಿಂಟ್ ತೆಗೆಯುವವರು ಒಂದು ದಿನವಾದರೂ ಗಾಳಿಯಲ್ಲಿ ಒಣಗಲು ಬಿಡಿ. ಆತುರಪಟ್ಟು ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಒಳಗೆ ಮಂಜು ಕವಿದಂತಾಗುತ್ತದೆ.

ತೂಕವನ್ನೂ ನೋಡಿಕೊಳ್ಳಿ. 300 ಜಿಎಸ್‌ಎಂ ಎ5 ಹಾಳೆ ಸುಮಾರು 9 ಗ್ರಾಂ. ಫೋಟೊ 3 ಗ್ರಾಂ, ಒಳ್ಳೆಯ ಲಕೋಟೆ 5 ಗ್ರಾಂ. ಅಲ್ಲಿಗೇ 17 ಆಯಿತು. ಹಲವು ದೇಶಗಳಲ್ಲಿ ಪತ್ರದ ಮೊದಲ ದರ ಇರುವುದು 20 ಗ್ರಾಂವರೆಗೆ. ಅಂಚಿಗೆ ರಿಬ್ಬನ್, ಮೇಲೊಂದು ಗುಂಡಿ ಅಂತ ಅಲಂಕಾರ ಮಾಡಿದಿರೋ, ಕಳಿಸುವವರ ಕೈಯಿಂದ ಹೆಚ್ಚಿನ ಸ್ಟಾಂಪಿನ ದುಡ್ಡು ಹೋಗುತ್ತದೆ. ಉಬ್ಬಿದ ಲಕೋಟೆ ಯಂತ್ರದಲ್ಲಿ ಸಿಕ್ಕಿಕೊಳ್ಳುವುದೂ ಉಂಟು. ಅಮೆರಿಕದ ಅಂಚೆಯಲ್ಲಂತೂ ಚೌಕ ಲಕೋಟೆಗೆ ಪ್ರತ್ಯೇಕ ಹೆಚ್ಚುವರಿ ದರವೇ ಇದೆ. ಚೌಕದ ಕಾರ್ಡ್ ನೋಡಲು ಮುದ್ದಾಗಿರುತ್ತದೆ, ಒಪ್ಪುತ್ತೇನೆ. ಆದರೂ ನಾನು ಬೇಡ ಅನ್ನುತ್ತೇನೆ.

ಹಕ್ಕುಗಳ ಬಗ್ಗೆ ಹೆಚ್ಚಿನವರು ಯೋಚಿಸುವುದೇ ಇಲ್ಲ. ಫೋಟೊ ನೀವೇ ತೆಗೆದದ್ದಾದರೂ ಅದರೊಳಗಿರುವುದೆಲ್ಲ ನಿಮ್ಮದಲ್ಲ. ಐಫೆಲ್ ಗೋಪುರ ಕಟ್ಟಿ ಮುಗಿದದ್ದು 1889ರಲ್ಲಿ. ಅದರ ವಿನ್ಯಾಸದ ಹಕ್ಕಿನ ಅವಧಿ ಮುಗಿದಿದೆ, ಹಾಗಾಗಿ ಹಗಲಿನ ಚಿತ್ರಕ್ಕೆ ಯಾರ ಅಪ್ಪಣೆಯೂ ಬೇಡ. ರಾತ್ರಿಯ ದೀಪಾಲಂಕಾರ ಮಾತ್ರ ಈಚಿನ ಕಲಾಕೃತಿ ಎಂಬ ಲೆಕ್ಕ, ಅದರ ಫೋಟೊವನ್ನು ವ್ಯಾಪಾರಕ್ಕೆ ಬಳಸಲು ಗೋಪುರ ನಡೆಸುವವರ ಅನುಮತಿ ಬೇಕು. ಗೋಡೆಚಿತ್ರ, ಶಿಲ್ಪ, ಗುರುತು ಸಿಗುವ ಮುಖ, ಕಂಪನಿಯ ಲೋಗೊ, ಇವಕ್ಕೂ ಇದೇ ಎಚ್ಚರಿಕೆ. ನಿಯಮ ದೇಶದಿಂದ ದೇಶಕ್ಕೆ ಬೇರೆ. ಅನುಮಾನ ಬಂದರೆ ಆ ಫೋಟೊ ಬಿಟ್ಟುಬಿಡಿ, ಬೇರೆ ಫೋಟೊಗೇನು ಬರವೇ?

ಬೆಲೆ ಕಟ್ಟುವಾಗ ಎಲ್ಲರೂ ಕಾಗದ, ಪ್ರಿಂಟ್, ಲಕೋಟೆ ಕೂಡಿಸುತ್ತಾರೆ. ಕೆಟ್ಟುಹೋದ ಪ್ರತಿಗಳನ್ನು ಕೂಡಿಸುವುದಿಲ್ಲ. ತಮ್ಮ ಕೂಲಿಯನ್ನಂತೂ ಹಿಡಿಯುವುದೇ ಇಲ್ಲ. ಒಂದು ಕಾರ್ಡಿಗೆ ಕತ್ತರಿಸಿ, ಮಡಿಚಿ, ಅಂಟಿಸಿ, ಕವರಿಗೆ ಹಾಕುವಷ್ಟರಲ್ಲಿ 6 ನಿಮಿಷ ಹಿಡಿದರೆ ಗಂಟೆಗೆ ಆಗುವುದು ಹತ್ತೇ ಕಾರ್ಡ್. ಒಂದು ಗಂಟೆಯ ಕೂಲಿಯ ಹತ್ತನೇ ಒಂದು ಭಾಗ ಪ್ರತಿ ಕಾರ್ಡಿನ ಮೇಲೂ ಬೀಳಲೇಬೇಕು. ಅಂಗಡಿಯವರು ಸಗಟಿಗೆ ಕೇಳುವುದು ಸಾಮಾನ್ಯವಾಗಿ ಚಿಲ್ಲರೆ ಬೆಲೆಯ ಅರ್ಧ. ಕೂಲಿ ಸೇರಿ ಅಸಲು 10 ಆದರೆ ಅಂಗಡಿಗೆ ಅದರ ಎರಡರಷ್ಟು ಅಂದರೆ 20, ಗಿರಾಕಿಗೆ 40. ಇಷ್ಟು ದುಬಾರಿಯಾ ಅಂತ ನೀವೇ ಗಾಬರಿಯಾದರೆ ಬೆಲೆ ಇಳಿಸಬೇಡಿ, ಕೆಲಸ ಇಳಿಸಿ. ಒಂದೇ ಅಳತೆ, ಒಂದೇ ಕಾಗದ ಇಟ್ಟುಕೊಳ್ಳಿ. ದಪ್ಪ ರಟ್ಟಿನಲ್ಲಿ ಎಲ್ ಆಕಾರದ ಚೌಕಟ್ಟು ಮಾಡಿಕೊಂಡು ಅದಕ್ಕೆ ಕಾರ್ಡ್ ತಾಗಿಸಿ ಅಂಟಿಸಿದರೆ ಪ್ರತಿ ಸಲ ಸ್ಕೇಲ್ ಹಿಡಿಯುವ ಕೆಲಸ ತಪ್ಪುತ್ತದೆ.

ಇದೇನೂ ಹೊಸ ದಂಧೆಯಲ್ಲ. ಕೊಡಾಕ್ ಕಂಪನಿ 1903ರಲ್ಲಿ ಪೋಸ್ಟ್‌ಕಾರ್ಡ್ ಅಳತೆಯ ನೆಗೆಟಿವ್ ಕೊಡುವ 3ಎ ಕ್ಯಾಮೆರಾ ತಂದಿತ್ತು. ಆಗ ಎಷ್ಟೋ ಸಣ್ಣ ಸ್ಟುಡಿಯೊದವರು ಗಿರಾಕಿ ಕೇಳಿದಷ್ಟೇ ಪ್ರತಿ ತೊಳೆದು ಕೊಡುತ್ತಿದ್ದರು. ನೀವೂ ಹಾಗೇ ಮಾಡಿ. ಒಂದೊಂದು ಚಿತ್ರಕ್ಕೆ ಒಂದೊಂದು ಡಜನ್ ಸಾಕು. ಜಾಸ್ತಿ ಹಾಕಿಸಿದರೆ ಪ್ರಿಂಟ್ ಅಗ್ಗ ಅನ್ನುವುದು ನಿಜ, ಮಾರದ ಕಾರ್ಡ್ ಅದಕ್ಕಿಂತ ದುಬಾರಿ.

ಅಂಗಡಿಯಲ್ಲಿ ಮಾರಿದ ಮೇಲೆ ದುಡ್ಡು ಕೊಡುವ ಒಪ್ಪಂದವಾದರೆ ಎಷ್ಟು ಕೊಟ್ಟಿರಿ, ಮೂಲೆ ಮುದುರಿದರೆ ನಷ್ಟ ಯಾರದು, ಲೆಕ್ಕ ಯಾವ ತಾರೀಕಿಗೆ, ಇಷ್ಟನ್ನೂ ಬರೆದು ಸಹಿ ಹಾಕಿಸಿಕೊಳ್ಳಿ. ಪ್ರತಿ ಕಾರ್ಡಿನ ಹಿಂಬದಿ ಕೆಳಗೆ ಸಣ್ಣ ಅಕ್ಷರದಲ್ಲಿ ನಿಮ್ಮ ಹೆಸರು, ಸಂಪರ್ಕ, ಚಿತ್ರದ ನಂಬರ್ ಇರಲಿ. ಕವರಿನ ಮೇಲಿನ ಸ್ಟಿಕರಿನಲ್ಲಿ ಇವನ್ನು ಹಾಕಿದರೆ ಕೊಂಡವರು ಕಿತ್ತು ಎಸೆಯುತ್ತಾರೆ. ಕಾರ್ಡ್ ಕೈಸೇರಿದವರು ಒಳಗಿನದನ್ನು ಓದಿ, ತಿರುಗಿಸಿ ಹಿಂದೆ ನೋಡೇ ನೋಡುತ್ತಾರೆ, ಮುಂದಿನ ಆರ್ಡರ್ ಎಷ್ಟೋ ಸಲ ಬರುವುದು ಅವರಿಂದಲೇ.