ಕರೋನಾ ಚಿತ್ರದಲ್ಲಿ ಕಪ್ಪು ಕಂಡದ್ದೆಲ್ಲ ತಂಪಲ್ಲ

ಸೌರ ಡೈನಾಮಿಕ್ಸ್ ಅಬ್ಸರ್ವೇಟರಿ, ಅಂದರೆ ಎಸ್‌ಡಿಓ ನೌಕೆ 2010ರಿಂದ ಕಳಿಸುತ್ತಿರುವ ಚಿನ್ನದ ಬಣ್ಣದ ಸೂರ್ಯನನ್ನು ನೀವು ನೋಡಿಯೇ ಇರುತ್ತೀರಿ. ಅದು ಸೂರ್ಯನ ಹೊರ ವಾತಾವರಣವಾದ ಕರೋನಾದ, 171 ಆಂಗ್‌ಸ್ಟ್ರಾಮ್ (ಅತಿ ಕಿರಿದಾದ ಉದ್ದದ ಅಳತೆ) ತರಂಗಾಂತರದ ಚಿತ್ರ. ಬಣ್ಣ ಆಮೇಲೆ ಹಚ್ಚಿದ್ದು. ಡಿಟೆಕ್ಟರಿಗೆ ಗೊತ್ತಿರುವುದು ಬೆಳಕು ಎಷ್ಟು ಬಿತ್ತು ಎಂಬುದಷ್ಟೇ.

ಈ ಚಿತ್ರಗಳನ್ನು ತೆಗೆಯುವ, ನೌಕೆಯ ಎಐಎ ಎಂಬ ಉಪಕರಣದಲ್ಲಿ 20 ಸೆಂ.ಮೀ. ಕನ್ನಡಿಯ ನಾಲ್ಕು ದೂರದರ್ಶಕಗಳಿವೆ. ಒಂದು ಪಿಕ್ಸೆಲ್ ಸೂರ್ಯನ ಮೇಲೆ ಸುಮಾರು 435 ಕಿ.ಮೀ.; ತೀವ್ರ ಅತಿನೇರಳೆಯ ಏಳು ಚಾನೆಲ್‌ಗಳಲ್ಲಿ, ಅಂದರೆ ಏಳು ತರಂಗಾಂತರಗಳಲ್ಲಿ, 12 ಸೆಕೆಂಡಿಗೊಮ್ಮೆ ಚಿತ್ರ ಬರುತ್ತದೆ. ಪ್ರತಿ ಚಾನೆಲ್ ಹಿಡಿಯುವುದು ಮುಖ್ಯವಾಗಿ ಒಂದು ಅಯಾನಿನ (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಿನ) ಬೆಳಕನ್ನು, ಆ ಅಯಾನು ಬದುಕುವುದು ಒಂದು ಉಷ್ಣತೆಯ ಆಸುಪಾಸಿನಲ್ಲಿ. 171ರಲ್ಲಿ ಕಾಣುವುದು ಸುಮಾರು 7 ಲಕ್ಷ ಕೆಲ್ವಿನ್, 211ರಲ್ಲಿ 20 ಲಕ್ಷ. 131 ಎರಡು ಮುಖದ್ದು: ಶಾಂತ ಸೂರ್ಯನಲ್ಲಿ 4 ಲಕ್ಷ, ಸೌರಜ್ವಾಲೆಯಲ್ಲಿ (ದಿಢೀರ್ ಸ್ಫೋಟದಲ್ಲಿ) 1 ಕೋಟಿ ಕೆಲ್ವಿನ್. ಜ್ವಾಲೆಯ ಹೊತ್ತಿನಲ್ಲಿ ಅದೊಂದನ್ನೇ ನಂಬಿ ಉಷ್ಣತೆ ಹೇಳಬಾರದು.

ಇನ್ನು ಪ್ರಕಾಶ. ಅದು ಪ್ಲಾಸ್ಮಾದ, ಅಂದರೆ ಅಯಾನುಗಳ ಬಿಸಿ ಅನಿಲದ, ಸಾಂದ್ರತೆಯ ವರ್ಗಕ್ಕೆ (ಸ್ಕ್ವೇರ್‌ಗೆ) ಅನುಗುಣವಾಗಿರುತ್ತದೆ. ಸಾಂದ್ರತೆ ಅರ್ಧಕ್ಕಿಳಿದರೆ ಬೆಳಕು ಕಾಲು ಭಾಗಕ್ಕೆ ಬರುತ್ತದೆ, ಉಷ್ಣತೆ ಒಂದಿಷ್ಟೂ ಬದಲಾಗದೆ. ಹಾಗಾಗಿ ಒಂದು ಜಾಗ ಕಪ್ಪಾಯಿತೆಂದರೆ 171, 193, 211 ಮೂರನ್ನೂ ಒಟ್ಟಿಗೆ ತೆರೆದು ನೋಡಿ. ಮೂರರಲ್ಲೂ ಒಂದೇ ಹೊತ್ತಿಗೆ ಮಂಕಾಗಿದ್ದರೆ ದ್ರವ್ಯರಾಶಿಯೇ ಹೊರಟುಹೋಗಿರುವ ಸಾಧ್ಯತೆ ಹೆಚ್ಚು. ಸೂರ್ಯ ಪ್ಲಾಸ್ಮಾವನ್ನು ಹೊರಗೆಸೆಯುವ ದೊಡ್ಡ ಉತ್ಸರ್ಜನೆಗಳ ಬೆನ್ನಿಗೇ ಹೀಗಾಗುತ್ತದೆ. 171ರಲ್ಲಿ ಮಂಕಾಗಿ 211ರಲ್ಲಿ ಹೊಳೆದರೆ ಪ್ಲಾಸ್ಮಾ ಅಲ್ಲೇ ಇದೆ, ಬಿಸಿಯೇರಿದೆ. ಉದ್ದನೆಯ, ಅಂಚು ಸ್ಪಷ್ಟವಾಗಿರುವ ಕಪ್ಪು ಎಳೆಯಾದರೆ ಅದು ತಂಪಾದ ದಟ್ಟ ಅನಿಲ, ಹಿಂದಿನ ಬೆಳಕನ್ನು ಹೀರುತ್ತಿದೆ. ಅದೇ ಎಳೆ ಸೂರ್ಯನ ಅಂಚಿಗೆ ಬಂದಾಗ 304ರಲ್ಲಿ ಬೆಳಗುತ್ತದೆ.

ಇದಿಷ್ಟೂ ಉಪಕರಣ ಸರಿಯಿದ್ದಾಗಿನ ಮಾತು. 171ಕ್ಕೆ ಸಾಮಾನ್ಯ ಎಕ್ಸ್‌ಪೋಷರ್ (ಬೆಳಕು ಬೀಳಲು ಬಿಡುವ ಅವಧಿ) 2 ಸೆಕೆಂಡ್. ಜ್ವಾಲೆ ಎದ್ದಾಗ ಉಪಕರಣ ತಾನಾಗಿಯೇ ಅದನ್ನು ಮೊಟಕುಗೊಳಿಸುತ್ತದೆ. ಪ್ರಕಾಶವನ್ನು ಫೈಲಿನ ಹೆಡರ್‌ನಲ್ಲಿರುವ (ಚಿತ್ರದ ವಿವರ ಬರೆದಿರುವ ತಲೆಭಾಗದಲ್ಲಿರುವ) ಅವಧಿಯಿಂದ ಭಾಗಿಸದೆ ಗ್ರಾಫ್ ಬರೆದರೆ ಸೂರ್ಯ ಮಿನುಗಿದಂತೆ ಕಾಣುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಕಣ್ಣಿಗೆ ಕಾಣುವ ಬೆಳಕನ್ನು ತಡೆಯುವ ಲೋಹದ ಫಿಲ್ಟರ್ ಎಷ್ಟು ತೆಳುವೆಂದರೆ ಅದಕ್ಕೆ ಲೋಹದ ಜಾಲರಿಯ ಆಸರೆ ಬೇಕು. ಜ್ವಾಲೆಯ ಸುತ್ತ ಓರೆಯಾಗಿ ಚಾಚುವ ಕತ್ತರಿ ಗೆರೆಗಳು ಆ ಜಾಲರಿಯಿಂದಾದ ವಿವರ್ತನೆ (ಬೆಳಕು ಬಾಗಿ ಹರಡುವುದು), ಕರೋನಾದ ರಚನೆಯಲ್ಲ. ವರ್ಷಗಳು ಕಳೆದಂತೆ ಉಪಕರಣದ ಸಂವೇದನೆಯೂ ಕುಗ್ಗುತ್ತದೆ, 304ರಲ್ಲಂತೂ ಬಹಳ. ವರ್ಷಗಳ ಅಂತರದ ಎರಡು ಚಿತ್ರಗಳನ್ನು ಹೋಲಿಸುವ ಮುನ್ನ ಆ ತಿದ್ದುಪಡಿ ಹಾಕಲೇಬೇಕು.

ಕೊನೆಗೆ ಗ್ರಹಣ. ವರ್ಷಕ್ಕೆರಡು ಸಲ, ಕೆಲವು ವಾರ, ಭೂಮಿ ದಿನವೂ ನೌಕೆಗೂ ಸೂರ್ಯನಿಗೂ ನಡುವೆ ಬರುತ್ತದೆ. ಆ ನೆರಳಿನ ಅಂಚು ಚಂದ್ರ ಅಡ್ಡ ಬಂದಾಗಿನಂತೆ ಚೂಪಾಗಿರದೆ ಮಸುಕಾಗಿರುತ್ತದೆ, ಏಕೆಂದರೆ ನಮ್ಮ ವಾತಾವರಣ ಈ ಬೆಳಕನ್ನು ಎತ್ತರದಿಂದಲೇ ಹೀರತೊಡಗುತ್ತದೆ.