ಪೈರೈಟ್ ಕೊಳೆತ: ಮಲೆನಾಡಿನ ಮಳೆಗಾಲದಲ್ಲಿ ಪಳೆಯುಳಿಕೆಗಳನ್ನು ಕಾಯುವುದು

ಶಿವಮೊಗ್ಗದ ಸುತ್ತಲಿನ ಕಲ್ಲಿನಲ್ಲಿ ಮೂಳೆ, ಚಿಪ್ಪು ಹುಡುಕಿದರೆ ಸಿಗುವುದಿಲ್ಲ. ಇಲ್ಲಿರುವುದು ಧಾರವಾಡ ಶಿಲೆಗಳು, 250 ಕೋಟಿ ವರ್ಷಕ್ಕೂ ಹಳೆಯವು. ಕುಂಸಿ ಕಡೆಯ ಸುಣ್ಣಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಪದರಗಳಿವೆ, ಅಷ್ಟೇ. ಪಾಠದಲ್ಲಿ ಬರುವ ಅಮೊನೈಟ್‌ಗಳು, ಅಂದರೆ ಸುರುಳಿ ಚಿಪ್ಪಿನ ಹಳೆಯ ಕಡಲಜೀವಿಗಳು, ಕಛ್, ಅರಿಯಲೂರಿನ ಕಡೆಯವು. ಅಳಿದುಹೋದ ಗ್ಲಾಸಾಪ್ಟೆರಿಸ್ ಗಿಡದ ಎಲೆಗಳು ರಾಣಿಗಂಜ್‌ನಂಥ ಕಲ್ಲಿದ್ದಲು ಪ್ರದೇಶದವು. ಹೊರಗಿನಿಂದ ಬಂದ ಇಂಥ ಮಾದರಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಥಂಡಿ ಗಾಳಿಯಲ್ಲಿ ಕೂರಬೇಕು. ಅದರೊಳಗೆ ಪೈರೈಟ್ ಇದ್ದರೆ ಅಲ್ಲಿಂದಲೇ ತೊಂದರೆ ಶುರು.

ಪೈರೈಟ್ ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಆಮ್ಲಜನಕ ಇಲ್ಲದ ಕೆಸರಿನಲ್ಲಿ ಜೀವಿ ಹೂತುಹೋದಾಗ ಬ್ಯಾಕ್ಟೀರಿಯಾಗಳು ನೀರಿನಲ್ಲಿರುವ ಸಲ್ಫೇಟನ್ನು ಸಲ್ಫೈಡ್ ಮಾಡುತ್ತವೆ. ಅದು ಕಬ್ಬಿಣದ ಜೊತೆ ಸೇರಿ ಚಿಪ್ಪಿನ ಒಳಗೆ, ಮೂಳೆಯ ಸಂದಿಯಲ್ಲಿ ತುಂಬಿಕೊಳ್ಳುತ್ತದೆ. ನೆಲದಡಿಯಲ್ಲಿ ಕೋಟ್ಯಂತರ ವರ್ಷ ಸುಮ್ನೆ ಇರುತ್ತದೆ. ಹೊರಗೆ ತೆಗೆದ ಮೇಲೆ ಗಾಳಿಯ ಆಮ್ಲಜನಕ, ತೇವ ಎರಡೂ ತಾಗಿ ಅದು ಫೆರಸ್ ಸಲ್ಫೇಟ್ ಆಗುತ್ತದೆ. ನಮ್ಮ ಅಂಗಡಿಗಳಲ್ಲಿ ಅನ್ನಭೇದಿ ಅಂತ ಕೊಡುವುದೂ ಅದೇ. ಜೊತೆಗೆ ಗಂಧಕಾಮ್ಲವೂ ಹುಟ್ಟುತ್ತದೆ. ಹೊಸ ಲವಣಕ್ಕೆ ಪೈರೈಟ್‌ಗಿಂತ ಜಾಸ್ತಿ ಜಾಗ ಬೇಕು, ಹಾಗಾಗಿ ಮಾದರಿ ಒಳಗಿನಿಂದಲೇ ಬಿರಿಯುತ್ತದೆ. ಆಮ್ಲ ಪಕ್ಕದ ಸುಣ್ಣವನ್ನು ತಿಂದು ಜಿಪ್ಸಮ್ ಮಾಡುತ್ತದೆ. ಅದೂ ಉಬ್ಬುತ್ತದೆ. ಇದಕ್ಕೇ ಪೈರೈಟ್ ಕೊಳೆತ ಅನ್ನುವುದು.

ಎಲ್ಲ ಪೈರೈಟೂ ಒಂದೇ ಥರ ಹಾಳಾಗುವುದಿಲ್ಲ. ದೊಡ್ಡ, ಹೊಳೆಯುವ ಘನ ಹರಳು ಸಾಮಾನ್ಯವಾಗಿ ಗಟ್ಟಿ. ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳ ಗೊಂಚಲೇ ಅಪಾಯ. ಮಳೆಗಾಲದಲ್ಲಿ ಅಚ್ಚುಬೆಲ್ಲಕ್ಕಿಂತ ಪುಡಿಬೆಲ್ಲ ಬೇಗ ನೀರೊಡೆಯುತ್ತದೆ ಅಲ್ವಾ, ಹಾಗೆ. ಗಾಳಿ ತಾಗುವ ಮೈ ಹೆಚ್ಚು.

ಗುರುತಿಸುವುದು ಹೇಗೆ? ಬಿಳಿ, ಬೂದು ಅಥವಾ ಹಳದಿ ಪುಡಿ, ಹೊಸ ಬಿರುಕು, ಮೂಗಿಗೆ ಹೊಡೆಯುವ ಗಂಧಕದ ಹುಳಿ ವಾಸನೆ. ನಮ್ಮ ಕಡೆ ಇದನ್ನು ಬೂಸ್ಟು ಅಂದುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ನೀರೇ ಅದಕ್ಕೆ ಶತ್ರು. ಬೂಸ್ಟು ಲೆನ್ಸ್‌ನಲ್ಲಿ ನೂಲುನೂಲಾಗಿ ಕಾಣುತ್ತದೆ, ಇದು ಹರಳಾಗಿ ಕಾಣುತ್ತದೆ. ಅನುಮಾನ ಇದ್ದರೆ ಉದುರಿದ ಪುಡಿಯನ್ನು ಬೇರೆ ತೆಗೆದು, ತೇವ ಮಾಡಿದ ಪಿಎಚ್ ಕಾಗದಕ್ಕೆ ತಾಗಿಸಿ. ಕೆಂಪಾದರೆ ಆಮ್ಲ ಇದೆ ಅಂತ ಅರ್ಥ.

ಆಮ್ಲ ಮಾದರಿಯ ಜೊತೆಗೇ ಅದರ ಕೆಳಗಿಟ್ಟ ಚೀಟಿಯನ್ನೂ ಸುಡುತ್ತದೆ. ಕಾಗದ ಕಂದಾಗಿ ಪುಡಿಯಾಗುತ್ತದೆ. ಯಾವ ಊರಿನದು, ಯಾವ ಪದರದ್ದು ಅನ್ನುವುದು ಹೋದರೆ ಅಧ್ಯಯನಕ್ಕೆ ಅದು ಬರೀ ಕಲ್ಲು. ನನ್ನ ಪ್ರಕಾರ ಮೊದಲ ಕೆಲಸ ಚೀಟಿಯ ಫೋಟೊ ತೆಗೆದು, ರಿಜಿಸ್ಟರ್‌ಗೆ ನಕಲು ಮಾಡಿ, ಬೇರೆ ಪ್ಲಾಸ್ಟಿಕ್ ಕವರಿಗೆ ಹಾಕುವುದು. ಚಿಕಿತ್ಸೆ ಆಮೇಲೆ.

ಚಿಕಿತ್ಸೆಯ ಇತಿಹಾಸದಲ್ಲಿ ಬೆಲ್ಜಿಯಂನ ಬೆರ್ನಿಸಾರ್ ಗಣಿಯ ಇಗ್ವಾನೊಡಾನ್ ಡೈನೋಸಾರ್‌ಗಳ ಬಗ್ಗೆ ಓದಲೇಬೇಕು. 1878ರಲ್ಲಿ ಕಲ್ಲಿದ್ದಲು ಗಣಿಯಲ್ಲಿ, 300 ಮೀಟರ್‌ಗೂ ಹೆಚ್ಚು ಆಳದಲ್ಲಿ ಸಿಕ್ಕವು. ಮೂಳೆ ತುಂಬ ಪೈರೈಟ್. ಅಂಟು, ಅರಗು ಕುಡಿಸಿದರೂ ಕೊಳೆತ ನಿಲ್ಲಲಿಲ್ಲ. ಕೊನೆಗೆ ಬ್ರಸೆಲ್ಸ್‌ನಲ್ಲಿ ಅವುಗಳನ್ನು ಗಾಜಿನ ಕೋಣೆಯೊಳಗೆ ಇಡಬೇಕಾಯಿತು. ಹಿಂದೆ ಇದು ಬ್ಯಾಕ್ಟೀರಿಯಾದ ಕೆಲಸ ಅಂದುಕೊಂಡು ಕ್ರಿಮಿನಾಶಕ ಹಚ್ಚಿದವರೂ ಇದ್ದರು. ಆ ಬ್ಯಾಕ್ಟೀರಿಯಾಕ್ಕೆ ಒದ್ದೆಯಾದ ಜಾಗವೇ ಬೇಕು. ಕಪಾಟಿನಲ್ಲಿ ನಡೆಯುವುದು ರಾಸಾಯನಿಕ ಕ್ರಿಯೆ.

ಈಗ ಒಣ ಬ್ರಷ್‌ನಿಂದ ಪುಡಿ ತೆಗೆದು, ಅಮೋನಿಯ ಆವಿಯಲ್ಲಿ ಅಥವಾ ಆಲ್ಕೋಹಾಲ್‌ನಲ್ಲಿ ಕರಗಿಸಿದ ಎಥನಾಲಮೀನ್ ಥಯೊಗ್ಲೈಕೊಲೇಟ್‌ನಿಂದ ಆಮ್ಲ ತೊಲಗಿಸುತ್ತಾರೆ. ಇದು ತರಬೇತಿ ಇದ್ದವರು, ಗಾಳಿ ಹೊರಹಾಕುವ ಕಪಾಟಿನಲ್ಲಿ ಮಾಡುವ ಕೆಲಸ. ಬಿರಿದ ತುಂಡು ಹಿಡಿಯಲು ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಅನ್ನುವ ಪಾರದರ್ಶಕ ಅಂಟು ಸಾಕು. ಆದರೆ ವಾರ್ನಿಷ್ ಹೊಡೆದರೆ ಕೊಳೆತ ನಿಂತಿತು ಅನ್ನುವ ನಂಬಿಕೆ ಬಿಡಿ. ಆ ಪದರದ ಮೂಲಕವೂ ಆಮ್ಲಜನಕ, ತೇವ ನುಸುಳುತ್ತವೆ.

ನಿಜವಾಗಿ ಉಳಿಸುವುದು ಒಣ ಗಾಳಿ. ಗಾಳಿಯ ತೇವ ಶೇ. 60 ದಾಟಿದರೆ ಕೊಳೆತ ಜೋರಾಗುತ್ತದೆ. ಆಗಲೇ ಕೊಳೆಯುತ್ತಿರುವ ಮಾದರಿಯನ್ನು ಶೇ. 30ರ ಸುತ್ತಮುತ್ತ ಇಡಬೇಕು. ಆಗುಂಬೆ, ತೀರ್ಥಹಳ್ಳಿಯ ಮಳೆಯಲ್ಲಿ ಇಡೀ ಕೋಣೆ ಒಣಗಿಸುವುದು ಆಗದ ಮಾತು. ಒಂದೊಂದು ಡಬ್ಬಿ ಒಣಗಿಸಬಹುದು. ಬಿಗಿ ಮುಚ್ಚಳದ ಡಬ್ಬಿ, ಧಾರಾಳವಾಗಿ ತೇವ ಹೀರುವ ಸಿಲಿಕಾ ಜೆಲ್, ಹೊರಗಿನಿಂದಲೇ ಓದಬಹುದಾದ, ತೇವ ಅಳೆಯುವ ಸಣ್ಣ ಹೈಗ್ರೋಮೀಟರ್. ಜೆಲ್ ಬಣ್ಣ ತಿರುಗಿದರೆ ಓವನ್‌ನಲ್ಲಿ ಒಣಗಿಸಿ ಮತ್ತೆ ಹಾಕಿ. ಅಮೂಲ್ಯ ಮಾದರಿಗೆ ಗಾಳಿ ನುಸುಳದ ಬಹುಪದರದ ಚೀಲ, ಒಳಗೆ ಆಮ್ಲಜನಕ ಹೀರುವ ಪೊಟ್ಟಣ ಇನ್ನೂ ಒಳ್ಳೆಯದು. ಹಾಗಂತ ಎಲ್ಲವನ್ನೂ ಒಣಗಿಸಬೇಡಿ. ಪೂರ್ತಿ ಕಲ್ಲಾಗದ ಮೂಳೆ, ದಂತ ಅತಿ ಒಣ ಗಾಳಿಯಲ್ಲಿ ಸೀಳುತ್ತವೆ.

ಕಪಾಟಿನ ಮರದ ಬಗ್ಗೆಯೂ ಒಂದು ಮಾತು. ಮರ, ಪ್ಲೈವುಡ್ ಬಿಡುವ ಅಸಿಟಿಕ್, ಫಾರ್ಮಿಕ್ ಆಮ್ಲದ ಆವಿ ಸುಣ್ಣದ ಚಿಪ್ಪಿನ ಮೇಲೆ ಬಿಳಿ ಲವಣ ಬೆಳೆಸುತ್ತದೆ. ಇದಕ್ಕೆ ಬೈನ್ ರೋಗ ಅಂತ ಹೆಸರು, ಆದರೆ ಇದರಲ್ಲೂ ರೋಗಾಣು ಇಲ್ಲ. ಚಿಪ್ಪುಗಳಿಗೆ ಬಣ್ಣ ಸುಟ್ಟು ಹಿಡಿಸಿದ ಸ್ಟೀಲ್ ಬೀರುವೇ ವಾಸಿ.