ಅಪ್‌ಗ್ರೇಡ್ ಅರ್ಧಕ್ಕೆ ನಿಂತರೆ ಫಾರ್ಮ್ಯಾಟ್‌ಗೆ ಒಪ್ಪಬೇಡಿ

ಆವತ್ತು 18ನೇ ತಾರೀಖು. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿಯೊಂದರ ಲೆಕ್ಕ ಬರೆಯುವವರು ಲ್ಯಾಪ್‌ಟಾಪ್ ಹಿಡಿದು ನನ್ನ ಹತ್ತಿರ ಬಂದರು. 20ಕ್ಕೆ ಜಿಎಸ್‌ಟಿ ರಿಟರ್ನ್ ಹಾಕಬೇಕು, ಟ್ಯಾಲಿ ಲೆಕ್ಕವೆಲ್ಲ ಅದರೊಳಗೇ ಇದೆ. ವಿಂಡೋಸ್ 10ರಿಂದ 11ಕ್ಕೆ ಹೋಗುವಾಗ ಮಧ್ಯದಲ್ಲಿ ಕರೆಂಟ್ ಹೋಗಿದೆ. ಬ್ಯಾಟರಿ ಸತ್ತು ವರ್ಷವಾಗಿತ್ತು, ಚಾರ್ಜರ್ ಮೇಲೇ ಓಡುತ್ತಿತ್ತು. ಮೊದಲು ಹೋದ ಅಂಗಡಿಯಲ್ಲಿ ಡಿಸ್ಕ್ ಅಳಿಸಿ ಫಾರ್ಮ್ಯಾಟ್ ಮಾಡಲೇಬೇಕು ಅಂದಿದ್ದರಂತೆ. ‘ಅಣ್ಣಾ, ಲೆಕ್ಕ ಎಲ್ಲಾ ಹೋಯ್ತಾ?’ ಅಂದರು.

ಹೋಗಿರಲಿಲ್ಲ. ಅಪ್‌ಗ್ರೇಡ್ ಆಗುವಾಗ ಹಳೆಯ ವಿಂಡೋಸ್ ಅಳಿಸಿ ಹೋಗುವುದಿಲ್ಲ. ‘ವಿಂಡೋಸ್ ಓಲ್ಡ್’ ಅನ್ನುವ ಫೋಲ್ಡರ್‌ಗೆ ಸರಿದು ಕೂರುತ್ತದೆ. ಹೊಸದು ಕೂಡಿಬರದಿದ್ದರೆ ‘ಅಂಡೂಯಿಂಗ್ ಚೇಂಜಸ್’ ಅಂತ ಪರದೆ ಮೇಲೆ ಬರುತ್ತದೆ. ಹಳೆಯದನ್ನು ಅದರ ಜಾಗಕ್ಕೆ ವಾಪಸ್ ಇಡುತ್ತಿದ್ದೇನೆ ಅಂತ ಅದರ ಅರ್ಥ. ಹಾರ್ಡ್ ಡಿಸ್ಕ್ ಇರುವ ಹಳೇ ಲ್ಯಾಪ್‌ಟಾಪಿನಲ್ಲಿ ಇದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ಡಿಸ್ಕಿನ ದೀಪ ಮಿನುಗುತ್ತಿದೆ ಅಂದರೆ ಸುಮ್ನೆ ಬಿಡಿ. ಇವರು ಹೆದರಿ ಪವರ್ ಬಟನ್ ಒತ್ತಿ ಹಿಡಿದು ಮೂರು ಸಲ ಆರಿಸಿದ್ದರು. ಕರೆಂಟ್ ಹೋದದ್ದಕ್ಕಿಂತ ಜಾಸ್ತಿ ಪೆಟ್ಟು ಬಿದ್ದದ್ದು ಇದರಿಂದ. ಆಮೇಲೆ ಆನ್ ಮಾಡಿದಾಗಲೆಲ್ಲ ‘ಆಟೊಮ್ಯಾಟಿಕ್ ರಿಪೇರ್’ಗೇ ಬಂದು ನಿಲ್ಲುತ್ತಿತ್ತು.

ನಾನು ಮೊದಲು ರಿಪೇರಿಗೆ ಕೈ ಹಾಕುವುದಿಲ್ಲ, ಡೇಟಾ ಹೊರಗೆ ತೆಗೆಯುತ್ತೇನೆ. ಇದಕ್ಕೆ ಲ್ಯಾಪ್‌ಟಾಪ್ ಬಿಚ್ಚಬೇಕಾಗಿಲ್ಲ. ಆಟೊಮ್ಯಾಟಿಕ್ ರಿಪೇರ್‌ನ ಆ ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಕಮಾಂಡ್ ಪ್ರಾಂಪ್ಟ್ ಅಂತ ಹೋಗಿ. ಕಪ್ಪು ಕಿಟಕಿ ತೆರೆಯುತ್ತದೆ. ಅಲ್ಲಿ ನೋಟ್‌ಪ್ಯಾಡ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ನೋಟ್‌ಪ್ಯಾಡಿನ ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಕೆಳಗೆ ‘ಆಲ್ ಫೈಲ್ಸ್’ ಆರಿಸಿ. ನಿಮ್ಮ ಡ್ರೈವ್‌ಗಳೆಲ್ಲ ಕಾಣುತ್ತವೆ. ಸಿ ಡ್ರೈವ್ ಇಲ್ಲಿ ಡಿ ಅಂತ ತೋರಿಸಬಹುದು, ಗಾಬರಿ ಬೇಡ. ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ, ಪೆನ್‌ಡ್ರೈವ್‌ನಲ್ಲಿ ಪೇಸ್ಟ್. ಕಾಪಿ ಎಷ್ಟಾಯಿತು ಅಂತ ಇದು ತೋರಿಸುವುದಿಲ್ಲ. ಪರದೆ ಹೆಪ್ಪುಗಟ್ಟಿದ ಹಾಗೆ ಕಂಡರೂ ಕಾಯಿರಿ. ಟ್ಯಾಲಿ ಫೋಲ್ಡರ್ ಪೂರ್ತಿ ಬಂತು. ಅವರ ಮುಖಕ್ಕೆ ಜೀವ ಬಂದದ್ದೂ ಆಗಲೇ.

ಇಷ್ಟು ಸಲೀಸಾಗಿ ಆಗದ ಒಂದು ಸಂದರ್ಭವಿದೆ. ಡಿಸ್ಕಿಗೆ ಬಿಟ್‌ಲಾಕರ್ ಅನ್ನುವ ವಿಂಡೋಸ್‌ನದೇ ಬೀಗ ಬಿದ್ದಿದ್ದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಮನೆಬಳಕೆಯ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀ ಸಾಮಾನ್ಯವಾಗಿ, ಮೊದಲ ದಿನ ಯಾವ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೋ ಅದರಲ್ಲಿರುತ್ತದೆ. ವಿದ್ಯಾನಗರದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿನಿಗೆ ಲ್ಯಾಪ್‌ಟಾಪ್ ಮಾರಿದ ಅಂಗಡಿಯವರು ತಮ್ಮದೇ ಇಮೇಲ್ ಹಾಕಿ ಶುರು ಮಾಡಿಕೊಟ್ಟಿದ್ದರು. ಅದರ ಪಾಸ್‌ವರ್ಡ್ ಅವರಿಗೇ ನೆನಪಿರಲಿಲ್ಲ. ಆಕೆಯ ಕೊನೆಯ ವರ್ಷದ ಪ್ರಾಜೆಕ್ಟ್ ವಾಪಸ್ ಸಿಗಲಿಲ್ಲ. ನಿಮ್ಮ ಲ್ಯಾಪ್‌ಟಾಪ್ ಯಾರ ಖಾತೆಯಲ್ಲಿದೆ ಅಂತ ಇವತ್ತೇ ನೋಡಿ. ಕೀ ಇದ್ದರೆ ಕಾಗದದ ಮೇಲೆ ಬರೆದಿಡಿ.

ಡೇಟಾ ಕೈಗೆ ಬಂದ ಮೇಲೆ ಉಳಿದದ್ದು ದೊಡ್ಡ ಕೆಲಸವಲ್ಲ. ಅದೇ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಇದೆ. ಅದರಲ್ಲಿ ಫೀಚರ್ ಅಪ್‌ಡೇಟ್, ಅಂದರೆ ಈ 11ರ ಅಪ್‌ಗ್ರೇಡ್, ಆರಿಸಿದೆ. ಸುಮಾರು ಮುಕ್ಕಾಲು ಗಂಟೆಯಲ್ಲಿ ವಿಂಡೋಸ್ 10 ಮರಳಿತು.

ಮಾತಾಡುತ್ತಾ ಗೊತ್ತಾಯಿತು, ಹಿಂದಿನ ವಾರವೂ ಒಂದು ಸಲ ಫೇಲ್ ಆಗಿತ್ತಂತೆ. ಪರದೆಯ ಫೋಟೋ ಅವರ ಮೊಬೈಲಿನಲ್ಲೇ ಇತ್ತು. ಎಷ್ಟು ಒಳ್ಳೆಯ ಅಭ್ಯಾಸ, ಅಲ್ವಾ! ಕೋಡ್‌ನಲ್ಲಿ ಸಿ1900101 ಅಂತಿತ್ತು. ಇದು ಬಂದರೆ ಸಾಮಾನ್ಯವಾಗಿ ಯಾವುದೋ ಡ್ರೈವರ್, ಅಂದರೆ ಪ್ರಿಂಟರ್‌ನಂಥ ಸಾಧನವನ್ನು ನಡೆಸುವ ಸಾಫ್ಟ್‌ವೇರ್, ತಕರಾರು ಮಾಡಿದೆ ಅಂತ. 80070070 ಅಂತಿದ್ದರೆ ಡಿಸ್ಕಿನಲ್ಲಿ ಜಾಗ ಸಾಲದು. ಇವರ ಹತ್ತಿರ ಅವಧಿ ಮುಗಿದ ಹಳೇ ಆಂಟಿವೈರಸ್ ಇತ್ತು, ಡಿಜಿಟಲ್ ಸಹಿಯ ಟೋಕನ್ನೂ ಪ್ರಿಂಟರ್ರೂ ಸಿಕ್ಕಿಸಿಯೇ ಇದ್ದವು. ಇವುಗಳಲ್ಲಿ ಯಾವುದು ಕಾರಣ ಅಂತ ಹುಡುಕುತ್ತಾ ಕೂರಲಿಲ್ಲ. ಆಂಟಿವೈರಸ್ ತೆಗೆದೆ, ಮುಂದಿನ ಸಲ ಮೌಸ್ ಬಿಟ್ಟು ಬೇರೇನೂ ಸಿಕ್ಕಿಸಬೇಡಿ ಅಂದೆ.

ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಹಾಗಾಗಿ 11ಕ್ಕೆ ಹೋಗಬೇಕೆಂಬ ಅವರ ಆಸೆ ಸರಿಯೇ. ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಆಮೇಲಿನದು, ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್, ಕನಿಷ್ಠ 4 ಜಿಬಿ ರ‍್ಯಾಮ್ ಬೇಕು. ಅವರದರಲ್ಲಿ ಎಲ್ಲ ಇತ್ತು. ಆದರೆ ರಿಟರ್ನ್ ಹಾಕುವ ವಾರದಲ್ಲಿ ಈ ಕೆಲಸ ಬೇಡ ಅಂದೆ.

25ಕ್ಕೆ ಮತ್ತೆ ಬಂದರು. ಹೊಸ ಬ್ಯಾಟರಿ ಹಾಕಿ, 30 ಜಿಬಿ ಜಾಗ ಖಾಲಿ ಮಾಡಿ ಅಪ್‌ಗ್ರೇಡ್ ಶುರು ಮಾಡಿದೆ. ಈ ಸಲ ಒಂದೇ ಏಟಿಗೆ ಮುಗಿಯಿತು. ಹೊರಡುವಾಗ ಅವರಿಗೆ ಒಂದು ಮಾತು ಹೇಳಿ ಕಳಿಸಿದೆ: 10 ದಿನ ಡಿಸ್ಕ್ ಕ್ಲೀನ್ ಮಾಡಬೇಡಿ, ಟ್ಯಾಲಿಗೋ ಪ್ರಿಂಟರ್‌ಗೋ ತೊಂದರೆಯಾದರೆ ಆ ‘ವಿಂಡೋಸ್ ಓಲ್ಡ್’ ಫೋಲ್ಡರ್‌ನಿಂದಲೇ ಹಿಂದಕ್ಕೆ ಹೋಗಬೇಕು.